ತರಗತಿಯಲ್ಲಿ ಇದ್ದವರು ಬೋಧಕರ ಸಾಲಿನಲ್ಲಿ ಯಾಕಿಲ್ಲ?

ಅಮೆರಿಕದ ಸಾರ್ವಜನಿಕ ಆರೋಗ್ಯ ಕಾಲೇಜುಗಳಲ್ಲಿ ಅಲ್ಪಸಂಖ್ಯಾತರು ಎಷ್ಟಿದ್ದಾರೆ ಎಂಬ ಮಾತು ಬಂದರೆ ಎಲ್ಲರೂ ಅಡ್ಮಿಷನ್ ಕಡೆಗೇ ನೋಡುತ್ತಾರೆ. ವಿದ್ಯಾರ್ಥಿಗಳಲ್ಲಿ ಕಪ್ಪು ವರ್ಣೀಯರು, ಲ್ಯಾಟಿನೋಗಳು (ಲ್ಯಾಟಿನ್ ಅಮೆರಿಕ ಮೂಲದವರು) ತೊಂಬತ್ತರ ದಶಕಕ್ಕಿಂತ ಈಗ ಜಾಸ್ತಿ ಇದ್ದಾರೆ. ಬೋಧಕರಲ್ಲಿ ಆ ಬದಲಾವಣೆ ತುಂಬಾ ನಿಧಾನ. ಕೆಲಸ ಕಾಯಂ ಆದ ಪ್ರೊಫೆಸರ್‌ಗಳಲ್ಲಂತೂ ಇನ್ನೂ ಕಡಿಮೆ. ಈ ವಿಷಯ ಪಾಠ ಮಾಡುವ ನನಗೆ ಹೆಚ್ಚು ಕಾಡುವುದು ಇದೇ.

ಯಾಕೆ ಕಾಡಬೇಕು? ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿ ಊರಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. 1932ರಿಂದ 1972ರವರೆಗೆ ಸುಮಾರು 600 ಕಪ್ಪು ಗಂಡಸರ ಮೇಲೆ ಸಿಫಿಲಿಸ್ ಎಂಬ ಲೈಂಗಿಕ ರೋಗದ ಅಧ್ಯಯನ ನಡೆಯಿತು. ಅದನ್ನು ವಾಸಿ ಮಾಡುವ ಪೆನಿಸಿಲಿನ್ ಬಂದ ಮೇಲೂ ರೋಗಿಗಳಿಗೆ ಅದನ್ನು ಕೊಡಲಿಲ್ಲ. ನಡೆಸಿದ್ದು ಸರ್ಕಾರದ ಸಾರ್ವಜನಿಕ ಆರೋಗ್ಯ ಸೇವೆಯೇ. ಯಾವ ಪ್ರಶ್ನೆ ಕೇಳಬೇಕು, ಯಾರ ಮೇಲೆ ಕೇಳಬೇಕು ಅಂತ ತೀರ್ಮಾನಿಸುವ ಜಾಗದಲ್ಲಿ ಆ ಸಮುದಾಯದವರು ಇರಲೇಬೇಕು, ಅಲ್ವಾ?

ಹಾಗಾದರೆ ತಡೆ ಎಲ್ಲಿದೆ? ನನ್ನ ಪ್ರಕಾರ ದುಡ್ಡಿನಲ್ಲಿ. ಈ ಕಾಲೇಜುಗಳಲ್ಲಿ ಬಹಳಷ್ಟು ಬೋಧಕರ ಸಂಬಳದ ದೊಡ್ಡ ಪಾಲು ಅವರೇ ತರುವ ಸಂಶೋಧನಾ ಗ್ರಾಂಟ್‌ನಿಂದ ಬರುತ್ತದೆ. ಗ್ರಾಂಟ್ ಸಿಗದಿದ್ದರೆ ಕೆಲಸವೂ ಉಳಿಯುವುದು ಕಷ್ಟ. 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಮೆರಿಕ ಸರ್ಕಾರದ ಸಂಸ್ಥೆಯಾದ ಎನ್‌ಐಎಚ್‌ನ ಗ್ರಾಂಟ್‌ಗಳನ್ನು ಪರಿಶೀಲಿಸಿತು. ಓದು, ತರಬೇತಿ, ಪ್ರಕಟಣೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಕಪ್ಪು ಸಂಶೋಧಕರಿಗೆ ಹಣ ಸಿಗುವ ಸಾಧ್ಯತೆ ಬಿಳಿಯರಿಗಿಂತ 10 ಶೇಕಡಾ ಅಂಶ ಕಡಿಮೆ ಇತ್ತು. 2019ರ ಇನ್ನೊಂದು ಅಧ್ಯಯನ ಒಂದು ಕಾರಣವನ್ನೂ ತೋರಿಸಿತು. ಜನಸಮುದಾಯಗಳ ಆರೋಗ್ಯದ ವಿಷಯ ಎತ್ತಿಕೊಂಡ ಅರ್ಜಿಗಳಿಗೆ ಹಣ ಸಿಗುವುದು ಕಡಿಮೆ, ಕಪ್ಪು ಸಂಶೋಧಕರು ಹೆಚ್ಚಾಗಿ ಆರಿಸಿಕೊಳ್ಳುವುದೂ ಅವನ್ನೇ. ಅಂದರೆ ಸಾರ್ವಜನಿಕ ಆರೋಗ್ಯದ ತಿರುಳೇ ಆದ ಕೆಲಸ ಅವರಿಗೆ ಮುಳುವಾಗುತ್ತಿದೆ. ಇದು ನನಗೆ ನಿಜಕ್ಕೂ ನೋವು ಕೊಡುವ ಸಂಗತಿ.

ಇದರ ಮೇಲೆ ಕಾಣದ ಹೊರೆ ಇನ್ನೊಂದಿದೆ. ವಿಭಾಗದಲ್ಲಿ ಅಲ್ಪಸಂಖ್ಯಾತ ಬೋಧಕರು ಒಬ್ಬರೋ ಇಬ್ಬರೋ ಇದ್ದರೆ ಪ್ರತಿ ಸಮಿತಿಗೂ ಅವರೇ ಬೇಕು. ಕಷ್ಟದಲ್ಲಿರುವ ವಿದ್ಯಾರ್ಥಿಗಳು ಬಾಗಿಲು ತಟ್ಟುವುದೂ ಅವರದ್ದೇ. ಬಡ್ತಿಯ ಹೊತ್ತಿಗೆ ಇದ್ಯಾವುದಕ್ಕೂ ಹೆಚ್ಚು ಬೆಲೆ ಇರುವುದಿಲ್ಲ.

ಅಮೆರಿಕದ ಸುಪ್ರೀಂ ಕೋರ್ಟ್‌ನ 2023ರ ತೀರ್ಪಿನ ನಂತರ ಅಡ್ಮಿಷನ್‌ನಲ್ಲಿ ಜನಾಂಗವನ್ನು ಪರಿಗಣಿಸುವಂತಿಲ್ಲ. ಇನ್ನೇನೂ ಮಾಡಲಾಗದು ಎಂದು ಕೈಚೆಲ್ಲಿದವರಿದ್ದಾರೆ. ನಾನು ಒಪ್ಪುವುದಿಲ್ಲ. ಹೊಸ ಬೋಧಕರೆಲ್ಲರಿಗೂ ಮೊದಲ ಕೆಲವು ವರ್ಷ ಕಾಲೇಜೇ ಪೂರ್ತಿ ಸಂಬಳ ಕೊಡಲಿ. ಸಮುದಾಯದ ನಡುವೆ ಮಾಡಿದ ಕೆಲಸವನ್ನು ಬಡ್ತಿಗೆ ಲೆಕ್ಕ ಹಿಡಿಯಲಿ. ವಿದ್ಯಾರ್ಥಿಗಳು ಬಿಟ್ಟಿಯಾಗಿ ಮಾಡುವ ಕ್ಷೇತ್ರ ತರಬೇತಿಗೆ ಭತ್ಯೆ ಸಿಗಲಿ. ಇವೆಲ್ಲ ಎಲ್ಲರಿಗೂ ಅನ್ವಯಿಸುವ ನಿಯಮಗಳು. ಯಾವ ತೀರ್ಪೂ ಇವಕ್ಕೆ ಅಡ್ಡ ಬಂದಿಲ್ಲ.