ಲೋಕಲ್ ಪಾಸ್ಟರ್ ಅಂದ್ರೆ ಅರ್ಧ ಪಾಸ್ಟರಾ?

ಪ್ರಶ್ನೆ: ನೀವು ಅಮೆರಿಕದಲ್ಲಿ ವಾರವೆಲ್ಲ ಅಕೌಂಟ್ಸ್ ಆಫೀಸಿನಲ್ಲಿ ದುಡಿದು ಭಾನುವಾರ ಮೆಥಡಿಸ್ಟ್ ಅನ್ನೋ ಪ್ರೊಟೆಸ್ಟೆಂಟ್ ಕ್ರೈಸ್ತ ಪಂಗಡದ ಒಂದು ಸಭೆ (ಚರ್ಚ್) ನಡೆಸುತ್ತೀರಂತೆ. ಹಾಗಾದರೆ ನೀವು ನಿಜವಾದ ಪಾಸ್ಟರಾ? ಹೆಂಡತಿ ಮಕ್ಕಳಿಗೆ ಸಮಯ ಯಾವಾಗ?

ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ, ಲೆಕ್ಕ ಇಡುವುದೇ ನನ್ನ ಹೊಟ್ಟೆಪಾಡಾದರೂ. ಎರಡನೇ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲನೆಯದರ ಬೇರನ್ನು ಇವತ್ತು ಕಿತ್ತೇಬಿಡೋಣ.

ನನ್ನ ಹುದ್ದೆಯ ಹೆಸರು ‘ಲೋಕಲ್ ಪಾಸ್ಟರ್’. ತಪ್ಪು ಶುರುವಾಗುವುದು ಆ ‘ಲೋಕಲ್’ ಅನ್ನೋ ಪದದಿಂದ. ನಮ್ಮ ಬಾಯಲ್ಲಿ ಲೋಕಲ್ ಅಂದ್ರೆ ಎರಡನೇ ದರ್ಜೆ ಮಾಲು, ಬ್ರ್ಯಾಂಡ್ ಇಲ್ಲದ್ದು. ಮೆಥಡಿಸ್ಟರಲ್ಲಿ ಅದರ ಅರ್ಥವೇ ಬೇರೆ. ಹಿಂದೆ ಅವರ ಬೋಧಕರು ಕುದುರೆ ಏರಿ ಊರೂರು ಸುತ್ತುತ್ತಿದ್ದರು, ಒಂದು ಸುತ್ತು ಮುಗಿಯಲು ವಾರಗಟ್ಟಲೆ ಬೇಕಿತ್ತು. ಅಷ್ಟು ದಿನ ಆ ಊರಿನ ಸಭೆಯನ್ನು ನೋಡಿಕೊಂಡವರು ಯಾರು? ಅಲ್ಲೇ ಹೊಲ ಉಳುತ್ತಿದ್ದ, ಅಂಗಡಿ ಇಟ್ಟಿದ್ದ ಲೋಕಲ್ ಬೋಧಕರು. ಅಂದರೆ ಲೋಕಲ್ ಅನ್ನುವುದು ‘ತಿರುಗಾಡುವ’ ಅನ್ನುವುದರ ವಿರುದ್ಧ ಪದ, ಅಷ್ಟೇ. ಇನ್ನೊಂದು ವಿಷಯ. 1800ರಲ್ಲಿ ಸುತ್ತುವ ಬೋಧಕನ ಸಂಬಳ ವರ್ಷಕ್ಕೆ 80 ಡಾಲರ್. ಮದುವೆಯಾಗಿ ಮಕ್ಕಳಾದ ಮೇಲೆ ಅದರಲ್ಲಿ ಹೇಗೆ ಬದುಕುವುದು? ಎಷ್ಟೋ ಜನ ಕುದುರೆ ಬಿಟ್ಟು ಒಂದು ಕಡೆ ನೆಲೆ ನಿಂತರು, ಕಸುಬು ಹಿಡಿದರು, ಪ್ರಸಂಗ (ಸಭೆಯಲ್ಲಿ ಮಾಡುವ ಧರ್ಮೋಪದೇಶ) ಮಾತ್ರ ಬಿಡಲಿಲ್ಲ. ಆಗ ಅಮೆರಿಕದ ಮೆಥಡಿಸ್ಟರ ಮುಖಂಡರಾಗಿದ್ದ ಬಿಷಪ್ ಫ್ರಾನ್ಸಿಸ್ ಆಸ್ಬರಿಗೆ ಇದು ಒಂಚೂರೂ ಹಿಡಿಸುತ್ತಿರಲಿಲ್ಲ. ಅವರೇನೋ ಕೊನೆತನಕ ಮದುವೆ ಆಗಲಿಲ್ಲ, ಬಿಡಿ.

ಈಗಿನ ಯುನೈಟೆಡ್ ಮೆಥಡಿಸ್ಟ್ ಚರ್ಚ್ 1968ರಲ್ಲಿ ಆದದ್ದು. ಅದರಲ್ಲಿ ಲೋಕಲ್ ಪಾಸ್ಟರ್‌ಗೆ ಅಭಿಷೇಕ, ಅಂದರೆ ವಿಧಿವತ್ತಾದ ಪಾದ್ರಿ ದೀಕ್ಷೆ, ಆಗಿರುವುದಿಲ್ಲ, ಲೈಸೆನ್ಸ್ ಇರುತ್ತದೆ. ‘ಓಹೋ, ಬರೀ ಲೈಸೆನ್ಸಾ’ ಅಂತ ರಾಗ ಎಳೆಯುವವರು ಸ್ವಲ್ಪ ತಡೆಯಿರಿ. ಮೊದಲು ಚರ್ಚಿನ ಜಿಲ್ಲಾ ಸಮಿತಿ ನಿಮ್ಮನ್ನು ಕೂರಿಸಿಕೊಂಡು ಜಾಲಾಡುತ್ತದೆ. ಆಮೇಲೆ ಲೈಸೆನ್ಸಿಂಗ್ ಸ್ಕೂಲು. ಅದಾದ ಮೇಲೆ 20 ಕೋರ್ಸುಗಳ ಓದು: ಬೈಬಲ್, ದೇವಶಾಸ್ತ್ರ, ಸಭೆಯ ಇತಿಹಾಸ, ಪ್ರಸಂಗ. ಪಾರ್ಟ್ ಟೈಮ್‌ನವರಿಗೆ ಅದನ್ನು ಮುಗಿಸಲು 12 ವರ್ಷದ ಗಡುವು. ನೇಮಕ ಮಾಡುವವರು ಬಿಷಪ್ಪೇ. ನೇಮಕವಾದ ಸಭೆಯಲ್ಲಿ ದೀಕ್ಷಾಸ್ನಾನ ಕೊಡಬಹುದು, ಕರ್ತನ ಭೋಜನ (ಯೇಸುವಿನ ನೆನಪಿನ ರೊಟ್ಟಿ-ದ್ರಾಕ್ಷಾರಸದ ವಿಧಿ) ಬಡಿಸಬಹುದು, ಮಣ್ಣು ಮಾಡಬಹುದು, ಆ ರಾಜ್ಯದ ಕಾನೂನು ಒಪ್ಪಿದರೆ ಮದುವೆಯನ್ನೂ ಮಾಡಿಸಬಹುದು. ಅರ್ಧ ಸಂಬಳದವನು ಕೊಟ್ಟ ದೀಕ್ಷಾಸ್ನಾನದಲ್ಲಿ ಮಗು ಅರ್ಧ ನೆನೆಯುತ್ತದಾ? ಇಲ್ಲ ಅಲ್ವಾ?

ಕೊರತೆ ಎಲ್ಲಿದೆ ಅಂತಲೂ ಹೇಳುತ್ತೇನೆ. ಆ ಅಧಿಕಾರ ನನ್ನ ಸಭೆಯ ಗಡಿಗೇ ಮುಗಿಯುತ್ತದೆ. ಲೈಸೆನ್ಸ್ ವರ್ಷ ವರ್ಷ ನವೀಕರಣ ಆಗಬೇಕು. ಅಭಿಷೇಕವಾದ ಪಾಸ್ಟರ್‌ಗೆ (ಅವರನ್ನು ಎಲ್ಡರ್ ಅನ್ನುತ್ತಾರೆ) ನೇಮಕದ ಭರವಸೆ ಇದೆ, ನಮಗಿಲ್ಲ. ಈ ಬಗ್ಗೆ ದೂರುವವರು ದೂರಲಿ, ನ್ಯಾಯ ಇದೆ. ಆದರೆ ‘ಅರ್ಧ ಪಾಸ್ಟರ್’ ಅನ್ನಬೇಡಿ. ಕಾಲು, ಅರ್ಧ, ಮುಕ್ಕಾಲು ಅಂತ ಅಳೆಯುವುದು ಸಂಬಳ ಮತ್ತು ಗಂಟೆಗಳನ್ನು. ಪೂರ್ತಿ ಸಂಬಳ, ಆರೋಗ್ಯ ವಿಮೆ, ಪಿಂಚಣಿ ಕೊಡಲು ಸಣ್ಣ ಸಭೆಗಳ ಕೈಯಲ್ಲಿ ಆಗುವುದಿಲ್ಲ, ಅದಕ್ಕೇ ಈ ಅಳತೆ. ಬೈಬಲ್ಲಿನ ಪೌಲನೂ ಗುಡಾರ ಹೊಲಿದುಕೊಂಡೇ ಸುವಾರ್ತೆ ಸಾರಿದ. ಅವನನ್ನು ಯಾರೂ ಪಾರ್ಟ್ ಟೈಮ್ ಅಪೊಸ್ತಲ ಅನ್ನಲಿಲ್ಲ.

ಇನ್ನು ಮನೆ. ಪ್ರಸಂಗ ಹುಟ್ಟುವುದು ಊಟದ ಬಿಡುವಿನಲ್ಲಿ, ಪಾರ್ಕ್ ಮಾಡಿದ ಕಾರಿನೊಳಗೆ. ಸಾವು ಕ್ಯಾಲೆಂಡರ್ ನೋಡಿ ಬರುವುದಿಲ್ಲ, ಹಾಗಾಗಿ ಮಕ್ಕಳ ಜೊತೆ ಪ್ರವಾಸಕ್ಕೆ ಅಂತ ಎತ್ತಿಟ್ಟ ರಜೆಗಳು ಒಂದೊಂದಾಗಿ ಶವಸಂಸ್ಕಾರಗಳಿಗೆ ಹೋಗುತ್ತವೆ. ಆಸ್ಪತ್ರೆಗೆ ಹೋಗುವುದು ನನಗೆ ಭಾರ ಅನ್ನಿಸಿದ್ದಿಲ್ಲ. ಭಾರ ಅಂದರೆ ಮಂಗಳವಾರ ರಾತ್ರಿಯ ಕಮಿಟಿ ಮೀಟಿಂಗು, ಅದೂ ಹೊಸ ಕಾರ್ಪೆಟ್ಟಿನ ಬಣ್ಣದ ಬಗ್ಗೆ. ಒಮ್ಮೆ ಮಗಳು ‘ಅಪ್ಪಾ, ನಾನೂ ಅಪಾಯಿಂಟ್‌ಮೆಂಟ್ ತಗೊಳ್ಳಬೇಕಾ’ ಅಂತ ಕೇಳಿದಳು. ಮರುವಾರವೇ ಸಭೆಯ ಕಮಿಟಿ ಜೊತೆ ಕೂತು, ಯಾವ ರಾತ್ರಿ ನಾನು ಸಿಗುವುದಿಲ್ಲ ಅಂತ ಬರೆದುಕೊಟ್ಟೆ. ಗುರುವಾರ ಮನೆಯದು. ಮೂರರಲ್ಲಿ ಎರಡು ಗುರುವಾರ ಉಳಿಯುತ್ತವೆ. ಪಾಸ್ಟರ್ ಹೆಂಡತಿ ಅಂತ ಜನ ನಿರೀಕ್ಷಿಸಿದರೂ ನನ್ನ ಹೆಂಡತಿ ಚರ್ಚಿನಲ್ಲಿ ಪಿಯಾನೊ ನುಡಿಸುವುದಿಲ್ಲ, ಭಾನುವಾರ ಶಾಲೆಯಲ್ಲಿ ಪಾಠ ಮಾಡುವುದಿಲ್ಲ. ಅದನ್ನೂ ಮೊದಲೇ ಹೇಳಿದ್ದೆವು. ಕೆಲವರು ಮುಖ ಸಿಂಡರಿಸಿದರು, ಆಮೇಲೆ ಅಭ್ಯಾಸ ಆಯಿತು.

ಯಾರೂ ಕೇಳದ ಪ್ರಶ್ನೆಯೊಂದಿದೆ, ಅಕೌಂಟೆಂಟ್ ಆಗಿ ಅದನ್ನು ಬಿಡಲಾರೆ: ತೆರಿಗೆ. ಅಮೆರಿಕದಲ್ಲಿ ಪಾಸ್ಟರ್ ಆದಾಯ ತೆರಿಗೆಗೆ ನೌಕರ, ಸೋಶಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್ (ಸರ್ಕಾರದ ಪಿಂಚಣಿ, ವೃದ್ಧರ ಆರೋಗ್ಯ ವಿಮೆ) ತೆರಿಗೆಗೆ ಸ್ವಂತ ಉದ್ಯೋಗಿ. ಆಫೀಸಿನ ಸಂಬಳದಲ್ಲಿ ಈ ಎರಡನೇ ತೆರಿಗೆಯ ನನ್ನ ಪಾಲು 7.65 ಪರ್ಸೆಂಟ್, ಉಳಿದರ್ಧ ಕಂಪನಿಯದು. ಚರ್ಚಿನ ಸಂಬಳದಲ್ಲಿ 15.3 ಪರ್ಸೆಂಟೂ ನನ್ನ ತಲೆಗೇ. ಮನೆ ಭತ್ಯೆಗೆ ಆದಾಯ ತೆರಿಗೆ ಇಲ್ಲ ಅಂತ ಹೊಸಬರು ಖುಷಿಪಡುತ್ತಾರೆ, ಈ 15.3 ಅದಕ್ಕೂ ಅಂಟಿಕೊಳ್ಳುತ್ತದೆ ಅಂತ ಏಪ್ರಿಲ್‌ನಲ್ಲಿ ಗೊತ್ತಾಗುತ್ತದೆ. ಆಫೀಸಿನ ಸಂಬಳದಲ್ಲೇ ಪ್ರತಿ ತಿಂಗಳು ಒಂದಿಷ್ಟು ಜಾಸ್ತಿ ಕಡಿತ ಮಾಡಿಸಿಕೊಂಡರೆ ಪೆಟ್ಟು ಕಡಿಮೆ. ಅಂದ ಹಾಗೆ 2025ರಲ್ಲಿ ತೆರಿಗೆಯ ಕೊನೆ ದಿನ, ಏಪ್ರಿಲ್ 15, ಚರ್ಚಿನಲ್ಲಿ ಕೈತುಂಬ ಕೆಲಸವಿರುವ ಈಸ್ಟರ್‌ನ ಹಿಂದಿನ ವಾರದ ಮಂಗಳವಾರವೇ ಬಿತ್ತು. ಆ ವಾರದ ಗುರುವಾರ ಏನಾಯಿತು ಅಂತ ಮಾತ್ರ ನನ್ನ ಹೆಂಡತಿಯನ್ನು ಕೇಳಬೇಡಿ.