ಆಫ್ರಿಕಾ ಮ್ಯಾಜಿಕ್: ಲಾಗೋಸ್ ಸಂತೆಯ ಸರಕು, ದಕ್ಷಿಣದ ಚಾನೆಲ್

ಆಫ್ರಿಕಾದ ಸಿನಿಮಾ, ಧಾರಾವಾಹಿಗಳಿಗೇ ಮೀಸಲಾದ ಆಫ್ರಿಕಾ ಮ್ಯಾಜಿಕ್ ಶುರುವಾದದ್ದು 2003ರಲ್ಲಿ. ಚಾನೆಲ್ ದಕ್ಷಿಣ ಆಫ್ರಿಕಾದ ಟಿವಿ ಕಂಪನಿ ಎಂ-ನೆಟ್‌ನದು, ಅದರಲ್ಲಿ ಓಡಿದ ಸರಕು ಬಹುಪಾಲು ನೈಜೀರಿಯಾದ್ದು. ನೈಜೀರಿಯಾದ ನಿರ್ಮಾಪಕರಿಗೆ ಈ ಚಾನೆಲ್ ಮೇಲಿದ್ದ ಮುನಿಸಿನ ಬೇರು ಇಲ್ಲೇ ಇದೆ.

1980ರ ದಶಕದಲ್ಲಿ ನೈಜೀರಿಯಾದ ನಾಣ್ಯ ನೈರಾ ಕುಸಿದು, ರೀಲಿನಲ್ಲಿ ಸಿನಿಮಾ ತೆಗೆಯುವುದು ಕೈಗೆಟುಕದಂತಾಯಿತು. ಅಲ್ಲಿನ ದೊಡ್ಡ ನಗರ ಲಾಗೋಸ್‌ನಲ್ಲಿ ಕತ್ತಲಾದ ಮೇಲೆ ಹೊರಗೆ ಕಾಲಿಡಲು ಜನರಿಗೆ ಕಳ್ಳರ ಭಯ. ಟಾಕೀಸುಗಳು ಮುಚ್ಚಿದವು, ಕೆಲವು ಚರ್ಚುಗಳಾದವು. 1992ರಲ್ಲಿ ಕೆನೆತ್ ನೆಬೂ ಎಂಬ ಕ್ಯಾಸೆಟ್ ವ್ಯಾಪಾರಿ 'ಲಿವಿಂಗ್ ಇನ್ ಬಾಂಡೇಜ್' ಎಂಬ ಇಗ್ಬೊ ಭಾಷೆಯ ಚಿತ್ರವನ್ನು ವಿಡಿಯೊದಲ್ಲೇ ತೆಗೆಸಿ, ಟಾಕೀಸಿನ ಗೊಡವೆಯಿಲ್ಲದೆ ಮಾರುಕಟ್ಟೆಗೆ ಬಿಟ್ಟರು. ದುಡ್ಡಿಗಾಗಿ ಹೆಂಡತಿಯನ್ನೇ ಬಲಿ ಕೊಡುವವನ ಕತೆ! ಉಳಿದುಹೋದ ಖಾಲಿ ಕ್ಯಾಸೆಟ್ಟು ಖರ್ಚಾಗಲೆಂದೇ ಚಿತ್ರ ತೆಗೆಸಿದರು ಎಂಬ ಮಾತೂ ಉಂಟು. ಅಂತೂ ಕ್ಯಾಸೆಟ್ಟು ಭರ್ಜರಿಯಾಗಿ ಖರ್ಚಾಯಿತು. ಆಮೇಲೆ ಲಾಗೋಸ್‌ನ ಇಡುಮೋಟ, ಅಲಾಬ ಪೇಟೆಗಳ ವ್ಯಾಪಾರಿಗಳೇ ಬಂಡವಾಳ ಹಾಕಿದರು, ಅವರೇ ಹಂಚಿದರು. ಯುನೆಸ್ಕೊ ಲೆಕ್ಕದಂತೆ 2006ರಲ್ಲಿ ಭಾರತ 1,091 ಚಿತ್ರ ತೆಗೆದರೆ ನೈಜೀರಿಯಾ 872 ತೆಗೆದಿತ್ತು. ಅಮೆರಿಕದ್ದು ಬರೀ 485.

ಇಷ್ಟು ಚಿತ್ರಗಳು ಅಗ್ಗಕ್ಕೆ ಸಿಗುವಾಗ ಪೇ ಚಾನೆಲ್ ಬಿಟ್ಟೀತೇ? ಹಳೆಯ ಚಿತ್ರಗಳ ಹಕ್ಕು ಕೊಂಡು ಮತ್ತೆ ಮತ್ತೆ ಹಾಕಿತು. ಕೆನ್ಯಾದ ನೈರೋಬಿ, ಜಾಂಬಿಯಾದ ಲುಸಾಕದ ಮನೆಗಳಲ್ಲೂ ಲಾಗೋಸ್‌ನ ನಟರು ಪರಿಚಿತರಾದರು. ಇತ್ತ ನಿರ್ಮಾಪಕರ ದೂರು ಎರಡು: ಕೊಟ್ಟ ದುಡ್ಡು ಪುಡಿಗಾಸು, ಟಿವಿಯಲ್ಲೇ ಬರುವುದನ್ನು ಅಂಗಡಿಯಲ್ಲಿ ಕೊಳ್ಳುವವರು ಯಾರು? ಮೊದಲ ದೂರು ನ್ಯಾಯವಾದದ್ದೇ. ಎರಡನೆಯದರಲ್ಲಿ ನನಗೆ ಅರ್ಧ ನಂಬಿಕೆ ಮಾತ್ರ. ಚಾನೆಲ್ ಬರುವ ಮೊದಲೇ ನಕಲಿ ಕಾಪಿಗಳು ಆ ಪೇಟೆಯನ್ನು ಮೇಯುತ್ತಿದ್ದವು.

ಕೊಳ್ಳುವುದರ ಜೊತೆಗೆ ತಾನೇ ತಯಾರಿಸುವುದಕ್ಕೂ ಚಾನೆಲ್ ಇಳಿಯಿತು. 2008ರಲ್ಲಿ ಬಂದ 'ಟಿನ್ಸೆಲ್' ಧಾರಾವಾಹಿ ವರ್ಷಗಟ್ಟಲೆ ಓಡಿ, ಕಲಾವಿದರಿಗೂ ತಂತ್ರಜ್ಞರಿಗೂ ಕಾಯಂ ಕೆಲಸ ಕೊಟ್ಟಿತು. 2010ರಲ್ಲಿ ಯೊರುಬ, ಹೌಸಾ ಭಾಷೆಗಳಿಗೆ ಪ್ರತ್ಯೇಕ ಚಾನೆಲ್‌ಗಳಾದವು. ಹೌಸಾ ಚಿತ್ರಗಳ ತವರಾದ ಕಾನೊ ಊರಿನವರಿಗೆ ಹಿಂದಿ ಸಿನಿಮಾ ಹುಚ್ಚು ಹಳೆಯದು. ಅವರ ಚಿತ್ರಗಳ ಹಾಡು-ಕುಣಿತದಲ್ಲಿ ಅದು ಎದ್ದು ಕಾಣುತ್ತದೆ. 2013ರಿಂದ ಚಾನೆಲ್ ತನ್ನದೇ ಪ್ರಶಸ್ತಿಯನ್ನೂ ಕೊಡತೊಡಗಿತು.

2025ರಲ್ಲಿ ಎಂ-ನೆಟ್‌ನ ಒಡೆಯನಾದ ಮಲ್ಟಿಚಾಯ್ಸ್ ಕಂಪನಿ ಫ್ರಾನ್ಸಿನ ಕೆನಾಲ್ ಪ್ಲಸ್ ಪಾಲಾಯಿತು. ಲಾಗೋಸ್‌ನ ರಾಕ್ ಸ್ಟುಡಿಯೋವನ್ನು ಕೆನಾಲ್ ಪ್ಲಸ್ 2019ರಲ್ಲೇ ಕೊಂಡಿತ್ತು. ಹಾಗಾಗಿ ಚಿತ್ರ ತೆಗೆಯುವ ಸ್ಟುಡಿಯೋ, ತೋರಿಸುವ ಚಾನೆಲ್ ಎರಡೂ ಈಗ ಒಬ್ಬರ ಕೈಯಲ್ಲೇ ಇವೆ, ಅಂದು ಇಡುಮೋಟದ ವ್ಯಾಪಾರಿಯ ಕೈಯಲ್ಲಿ ಬಂಡವಾಳವೂ ಅಂಗಡಿಯೂ ಇದ್ದ ಹಾಗೆ.