ಹತ್ತು ವರ್ಷಕ್ಕೆ ಎರಡು ಗಂಟೆಯ ದುಡಿಮೆ

ರಿಮೋಟ್ ಒತ್ತಿದರೆ ನಾಲ್ಕು ಬಾಗಿಲೂ ಒಟ್ಟಿಗೆ 'ಟಕ್' ಅನ್ನಬೇಕು. ನಮ್ಮ ಕಾರಿನಲ್ಲಿ ಮೂರು ಮಾತ್ರ ಅನ್ನುತ್ತಿದ್ದವು. ಹಿಂದಿನ ಎಡಬಾಗಿಲಿನೊಳಗಿಂದ ಬರುತ್ತಿದ್ದುದು ಯಾರೋ ಗಂಟಲು ಸರಿಮಾಡಿಕೊಂಡಂಥ ಸಣ್ಣ 'ಗುರ್'. ಬಾಗಿಲಿಗೆ ಅಂಗೈಯಿಂದ ಒಂದು ಗುದ್ದು ಕೊಟ್ಟು ಮತ್ತೆ ಒತ್ತಿದರೆ ಬೀಗ ಬೀಳುತ್ತಿತ್ತು. ಹೀಗೇ ಗುದ್ದುತ್ತ ಒಂದೆರಡು ತಿಂಗಳು ತಳ್ಳಿದೆವು. ಎಂಜಿನ್ ಓಡುತ್ತಿದ್ದರೆ ಗುದ್ದೂ ಬೇಕಾಗುತ್ತಿರಲಿಲ್ಲ. ಬಿಸಿಲಲ್ಲಿ ನಿಂತು ಕಾದ ದಿನ ಎಷ್ಟು ಗುದ್ದಿದರೂ ಕೇಳುತ್ತಿರಲಿಲ್ಲ. ರೋಗದ ಪೂರ್ತಿ ಜಾತಕ ಈ ಮೂರು ಚೇಷ್ಟೆಗಳಲ್ಲೇ ಇತ್ತೆಂದು ತಿಳಿದದ್ದು ಬಾಗಿಲು ಬಿಚ್ಚಿ, ಅದರೊಳಗಿನ ಮೋಟಾರನ್ನೂ ಬಿಚ್ಚಿ ನೋಡಿದ ಮೇಲೆ.

ಬಿಡಿಭಾಗದ ಪೊಟ್ಟಣದ ಮೇಲೆ ಇದಕ್ಕೆ 'ಡೋರ್ ಲಾಕ್ ಆಕ್ಚುಯೇಟರ್' ಎಂಬ ಉದ್ದ ಹೆಸರು. ಮೆಕ್ಯಾನಿಕ್ಕುಗಳ ಬಾಯಲ್ಲಿ ಬರೀ 'ಲಾಕ್ ಮೋಟಾರು'. ನನ್ನ ಮಟ್ಟಿಗೆ ಎರಡನೆಯದೇ ಸರಿಯಾದ ಹೆಸರು. ಹೆಬ್ಬೆರಳಿನಷ್ಟು ದಪ್ಪದ ಒಂದು ಡಿ.ಸಿ. ಮೋಟಾರು, ಅದರ ದಂಡದ ಮೇಲೆ ಸ್ಕ್ರೂವಿನಂತೆ ಸುರುಳಿ ಸುತ್ತಿದ ವರ್ಮ್ ಗೇರು, ಅದಕ್ಕೆ ಕಚ್ಚಿಕೊಂಡ ಪ್ಲಾಸ್ಟಿಕ್ ಹಲ್ಲುಚಕ್ರ, ಚಕ್ರಕ್ಕೆ ತಗುಲಿದ ಒಂದು ಲಿವರ್. ಎರಡು ವೈರುಗಳಿಗೆ ಪ್ಲಸ್ ಮೈನಸ್ ಒಂದು ರೀತಿ ಕೊಟ್ಟರೆ ಬೀಗ ಬೀಳುತ್ತದೆ, ಅದಲುಬದಲು ಕೊಟ್ಟರೆ ಏಳುತ್ತದೆ. ಹಿಂದೆ ಮರ್ಸಿಡಿಸ್ ಬೆಂಜ್ ಕಾರುಗಳಲ್ಲಿ ಇದೇ ಕೆಲಸವನ್ನು ಮೋಟಾರಿಲ್ಲದೆ, ಸಣ್ಣ ಕೊಳವೆಗಳೊಳಗಿನ ಗಾಳಿ ಹೀರಿ ಮಾಡಿಸುತ್ತಿದ್ದರು. ಎಲ್ಲೋ ಒಂದು ಕಡೆ ಕೊಳವೆ ಸೀಳಿತೆಂದರೆ ಎಲ್ಲ ಬಾಗಿಲೂ ಮುಷ್ಕರ ಹೂಡುತ್ತಿದ್ದವು. ಈಗಿನದು ವಾಸಿ, ಕೆಟ್ಟರೆ ಒಂದೊಂದಾಗಿ ಕೆಡುತ್ತದೆ.

ಇಲ್ಲಿ ಒಂದು ಜಾಣ ಏರ್ಪಾಡಿದೆ. ವರ್ಮ್ ಗೇರಿಗೆ ಒಂದು ಗುಣ ಉಂಟು: ಅದು ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಅದನ್ನು ತಿರುಗಿಸುವುದು ಬಹಳ ಕಷ್ಟ. ಹಾಗಾದರೆ ಬ್ಯಾಟರಿ ಸತ್ತ ದಿನ ಕೀಲಿಕೈ ಹಾಕಿ ಬಾಗಿಲು ತೆಗೆಯುವುದು ಹೇಗೆ? ಲಿವರ್ ಸರಿಯಬೇಕಾದರೆ ಚಕ್ರ ಹಿಂದಕ್ಕೆ ತಿರುಗಬೇಕು, ವರ್ಮ್ ಅದನ್ನು ಬಿಡುವುದಿಲ್ಲ. ಇದಕ್ಕೆ ಹಲವು ವಿನ್ಯಾಸಗಳಲ್ಲಿ ಕಂಡುಕೊಂಡಿರುವ ಉಪಾಯ, ಚಕ್ರ ಮತ್ತು ಲಿವರ್ ನಡುವೆ ಖಾಲಿ ಜಾಗ ಬಿಡುವುದು. ಮೋಟಾರು ಚಕ್ರವನ್ನು ತಿರುಗಿಸಿ, ಲಿವರನ್ನು ಆಚೆಗೆ ತಳ್ಳುತ್ತದೆ. ಕರೆಂಟು ನಿಂತೊಡನೆ ಒಂದು ಸ್ಪ್ರಿಂಗು ಚಕ್ರವನ್ನು ಮತ್ತೆ ನಡುಮಧ್ಯಕ್ಕೆ ತಂದು ನಿಲ್ಲಿಸುತ್ತದೆ. ಸ್ಪ್ರಿಂಗಿಗೆ ಅಷ್ಟು ಸಾಧ್ಯವಾಗುವಂತೆ ವರ್ಮಿನ ಸುರುಳಿಯ ಓರೆಯನ್ನು ಹೆಚ್ಚಿಸಿರುತ್ತಾರೆ. ಆಮೇಲೆ ಕೀಲಿಕೈಯಿಂದ ಲಿವರ್ ಸರಿಸಿದರೆ ಅದು ಆ ಖಾಲಿ ಜಾಗದಲ್ಲಿ ಸಲೀಸಾಗಿ ಓಡಾಡುತ್ತದೆ, ಮೋಟಾರಿನ ಗೊಡವೆಯೇ ಇಲ್ಲ. ಕೆಲವರು ಇದಕ್ಕೆ ಬದಲು, ಮೋಟಾರು ಜೋರಾಗಿ ಸುತ್ತಿದಾಗ ಮಾತ್ರ ಹಿಡಿದುಕೊಳ್ಳುವ ಕ್ಲಚ್ ಇಡುತ್ತಾರೆ. ಬಾಗಿಲಿನ ಒಳಬದಿಯಲ್ಲಿರುವ ಬೀಗದ ಗುಬ್ಬಿಯನ್ನು ಕೈಯಿಂದ ಒತ್ತುವಾಗ ಬಿಗಿ ಅನಿಸಿದರೆ ಈ ಜಾಗದಲ್ಲೇ ಏನೋ ಸಿಕ್ಕಿಕೊಂಡಿರಬಹುದು. ನಮ್ಮದರಲ್ಲಿ ಗುಬ್ಬಿ ಬೆಣ್ಣೆಯಂತೆ ಸರಿಯುತ್ತಿತ್ತು. ಅಂದರೆ ಬೀಗ ಸರಿಯಿದೆ, ಸನ್ನೆಕೋಲು ಸರಿಯಿದೆ, ದೂರು ಮೋಟಾರಿನ ಕಡೆಗೇ.

ಆದರೆ ವೈರು ತುಂಡಾಗಿದ್ದರೂ ಬೀಗ ಬೀಳುವುದಿಲ್ಲವಲ್ಲ. ಬಾಗಿಲಿನ ಕೀಲಿನ ಬಳಿ ರಬ್ಬರ್ ತೋಳಿನೊಳಗೆ ಹಾದುಹೋಗುವ ವೈರುಗಳು ಬಾಗಿಲು ತೆಗೆದು ಹಾಕಿದಾಗಲೆಲ್ಲ ಬಾಗುತ್ತವೆ; ಒಂದು ದಿನ ಹೊರಗಿನ ಪ್ಲಾಸ್ಟಿಕ್ ಹಾಗೇ ಇದ್ದು ಒಳಗಿನ ತಾಮ್ರದ ಎಳೆಗಳು ಮಾತ್ರ ಕಡಿದಿರುತ್ತವೆ. ಮೊದಲು ಅದನ್ನು ಅಲ್ಲಗಳೆಯಬೇಕು. ನಾನು ಮಲ್ಟಿಮೀಟರ್ ಹಿಡಿದುಕೊಂಡು ಕೂತು ಮೋಸಹೋದೆ. ಬೀಗಕ್ಕೆ ಕರೆಂಟು ಬರುವುದು ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು. ಡಿಜಿಟಲ್ ಮೀಟರು ಅಂಕಿ ತೋರಿಸಲು ಯೋಚಿಸುವಷ್ಟರಲ್ಲಿ ಅದು ಬಂದು ಹೋಗಿರುತ್ತದೆ. 3.8 ವೋಲ್ಟ್ ಅನ್ನುತ್ತದೆ, 7.1 ಅನ್ನುತ್ತದೆ, ಯಾವುದೂ ನಿಜವಲ್ಲ. ಹಳೆ ಕಾಲದ ಟೆಸ್ಟ್ ಲ್ಯಾಂಪೇ ಇದಕ್ಕೆ ಸರಿ: 12 ವೋಲ್ಟಿನ ಒಂದು ಬಲ್ಬು, ಎರಡು ತಂತಿ. ಅದನ್ನೂ ಒಂದು ತುದಿ ಕಾರಿನ ಲೋಹದ ಮೈಗೆ, ಇನ್ನೊಂದು ತುದಿ ವೈರಿಗೆ ಅಂತ ಹಿಡಿಯಬಾರದು. ಮೋಟಾರಿನ ಎರಡು ವೈರುಗಳ ನಡುವೆಯೇ ಹಿಡಿಯಬೇಕು. ಹಲವು ಕಾರುಗಳಲ್ಲಿ ಸುಮ್ಮನಿರುವಾಗ ಆ ಎರಡೂ ವೈರುಗಳು ಮೈನಸ್ಸಿಗೆ ಸೇರಿಕೊಂಡಿರುತ್ತವೆ. ಬೀಗ ಹಾಕುವಾಗ ಒಂದು ಪ್ಲಸ್ಸಿಗೆ ಏರುತ್ತದೆ, ತೆಗೆಯುವಾಗ ಇನ್ನೊಂದು. ರಿಮೋಟ್ ಒತ್ತಿದಾಗ ಬಲ್ಬು ಜೋರಾಗಿ ಒಮ್ಮೆ ಮಿಂಚಿತು. ವೈರು ನಿರಪರಾಧಿ.

ಈಗ ಮೋಟಾರಿನ ವಿಚಾರ. ಒಂದು ಸಲ ಬೀಗ ಬೀಳಲು ಅದು ದುಡಿಯುವುದು ಸುಮಾರು 0.2 ಸೆಕೆಂಡು. ಹಾಕುವುದು, ತೆಗೆಯುವುದು ಎಲ್ಲ ಸೇರಿ ದಿನಕ್ಕೆ ಹತ್ತು ಸಲವಾದರೆ 2 ಸೆಕೆಂಡು. ವರ್ಷಕ್ಕೆ 730. ಹತ್ತು ವರ್ಷಕ್ಕೆ 7300 ಸೆಕೆಂಡು, ಅಂದರೆ ಎರಡು ಗಂಟೆ ಚಿಲ್ಲರೆ. ಕೂಡಿ ಕಳೆದು ಮತ್ತೆ ನೋಡಿದೆ, ಅಷ್ಟೇ. ಫ್ಯಾನಿನ ಮೋಟಾರು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸುವ ದುಡಿಮೆಗೆ ಇದು ಒಂದು ಜನ್ಮ ತೆಗೆದುಕೊಂಡು, ಅಷ್ಟಕ್ಕೇ ಸುಸ್ತಾಗಿ ಕೂತಿದೆ. ಸೋಮಾರಿ ಅನ್ನಬೇಕು ಅನಿಸುತ್ತದೆ. ಆದರೆ ಆ ಎರಡು ಗಂಟೆ ಎಂಥದ್ದು ಎಂದು ನೋಡಿದರೆ ಬೈಯಲು ಮನಸ್ಸು ಬರುವುದಿಲ್ಲ.

ತಿರುಗುತ್ತಿರುವ ಡಿ.ಸಿ. ಮೋಟಾರು ತಾನೂ ಒಂದು ಜನರೇಟರೇ. ಅಯಸ್ಕಾಂತದ ನಡುವೆ ತಾಮ್ರದ ಸುರುಳಿ ಸುತ್ತುತ್ತಿದ್ದಂತೆ ಅದರಲ್ಲಿ ಬ್ಯಾಟರಿಗೆ ಎದುರಾಗಿ ತಳ್ಳುವ ವೋಲ್ಟೇಜು ಹುಟ್ಟುತ್ತದೆ. ವೇಗ ಏರಿದಷ್ಟೂ ಈ ಎದುರುತಳ್ಳು ಹೆಚ್ಚು, ಒಳಬರುವ ಕರೆಂಟು ಕಡಿಮೆ. ನಿಂತಿರುವ ಮೋಟಾರಿಗೆ ಈ ರಕ್ಷಣೆ ಇಲ್ಲ. ಆಗ ಕರೆಂಟನ್ನು ತಡೆಯುವುದು ಸುರುಳಿಯ ರೋಧ ಒಂದೇ. ನಾನು ತಂದ ಹೊಸ ಮೋಟಾರಿನದು ಮೀಟರಿನಲ್ಲಿ ಸುಮಾರು 2.5 ಓಮ್ ಇತ್ತು. ಪೂರ್ತಿ ಚಾರ್ಜಾದ ಬ್ಯಾಟರಿ 12.6 ವೋಲ್ಟ್. ಭಾಗಿಸಿದರೆ 5 ಆಂಪಿಯರ್, ಅಂದರೆ 63 ವಾಟ್. ಹಳೆಯ 60 ವಾಟಿನ ಬಲ್ಬಿನ ಶಾಖವಷ್ಟೂ ಒಂದು ಹೆಬ್ಬೆರಳಿನೊಳಗೆ. ಸೀಲಿಂಗ್ ಫ್ಯಾನು ದಿನಕ್ಕೊಮ್ಮೆಯೋ ಎರಡು ಸಲವೋ ಹೊರಡುತ್ತದೆ, ಆಮೇಲೆ ಗಂಟೆಗಟ್ಟಲೆ ನೆಮ್ಮದಿಯಿಂದ ಸುತ್ತುತ್ತದೆ. ಲಾಕ್ ಮೋಟಾರಿಗೆ ಆ ನೆಮ್ಮದಿಯ ಭಾಗವೇ ಇಲ್ಲ. ನಿಂತಲ್ಲಿಂದ ಧಡಕ್ಕನೆ ಹೊರಟು, ವೇಗ ಹಿಡಿಯುವಷ್ಟರಲ್ಲಿ ಲಿವರ್ ಕೊನೆಗೆ ಬಡಿದು, ಕರೆಂಟು ಇನ್ನೂ ಬರುತ್ತಿರುವಾಗಲೇ ಸಿಕ್ಕಿಕೊಂಡು ನಿಲ್ಲುತ್ತದೆ. ಹೊರಡುವುದು, ಸಿಕ್ಕಿಕೊಳ್ಳುವುದು, ಎರಡು ಗಂಟೆಯ ಆಯುಸ್ಸಿನ ಬಹುಭಾಗ ಇವೆರಡೇ. ನಮ್ಮ ಲೆಕ್ಕದಲ್ಲಿ 36,500 ಸಲ.

ಅಂಥ ಪ್ರತಿ ಹೊರಡುವಿಕೆಯಲ್ಲೂ ಕರೆಂಟು ಒಳಗೆ ಒಯ್ಯುವ ಇಂಗಾಲದ ಬ್ರಷ್ ಮತ್ತು ಅದು ಉಜ್ಜುವ, ದಂಡದ ಜೊತೆ ತಿರುಗುವ ತಾಮ್ರದ ಕಮ್ಯುಟೇಟರ್ ನಡುವೆ ಕಿಡಿ ಹಾರುತ್ತದೆ, ಮಸಿ ಕೂರುತ್ತದೆ. ಸುತ್ತುತ್ತಲೇ ಇರುವ ಮೋಟಾರಿನಲ್ಲಿ ಬ್ರಷ್ಷು ಉಜ್ಜಿ ಉಜ್ಜಿ ತನ್ನ ದಾರಿಯನ್ನು ತಾನೇ ಚೊಕ್ಕವಾಗಿ ಇಟ್ಟುಕೊಳ್ಳುತ್ತದೆ. ಇದಕ್ಕೆ ಉಜ್ಜಲು ಪುರುಸೊತ್ತೆಲ್ಲಿ? ಮಸಿಯ ಪದರ ದಪ್ಪವಾದಂತೆ ರೋಧ ಏರುತ್ತದೆ. 2.5 ಓಮ್ ಇದ್ದದ್ದು 10 ಆಯಿತೆಂದರೆ ಕರೆಂಟು ಕಾಲುಭಾಗಕ್ಕೆ ಇಳಿಯಿತು. ಡಿ.ಸಿ. ಮೋಟಾರಿನ ತಿರುಚುಬಲ ಕರೆಂಟಿನ ಬೆನ್ನಿಗೇ ಇಳಿಯುವುದರಿಂದ ಬಲವೂ ಕಾಲುಭಾಗ. 'ಗುರ್' ಅಂದದ್ದು ಅದೇ. ಗುದ್ದಿದಾಗ ಅದುರಿಗೆ ಬ್ರಷ್ಷು ಕೂದಲೆಳೆಯಷ್ಟು ಸರಿದು ಮಸಿ ಕಡಿಮೆ ಇರುವ ಜಾಗಕ್ಕೆ ಕೂರುತ್ತಿತ್ತು. ಎಂಜಿನ್ ಓಡುವಾಗ ಅದು ತಿರುಗಿಸುವ ಜನರೇಟರು, ಅಂದರೆ ಆಲ್ಟರ್ನೇಟರ್, ವೋಲ್ಟೇಜನ್ನು 14ರ ಆಸುಪಾಸಿಗೆ ಏರಿಸುತ್ತದೆ. ಹತ್ತು ಹನ್ನೆರಡು ಶೇಕಡಾ ಹೆಚ್ಚು ಬಲ, ಅಷ್ಟು ಸಾಕಾಗುತ್ತಿತ್ತು.

ಬಿಸಿಲಿನ ಚೇಷ್ಟೆಗೆ ಕಾರಣ ಬೇರೆ. ಮೋಟಾರಿನ ಒಳಗೆ ಸುರುಳಿಗೆ ಸಾಲಾಗಿ ಒಂದು ಪುಟ್ಟ ಬಿಲ್ಲೆ ಇತ್ತು. ಪಿಟಿಸಿ ಎಂದು ಕರೆಯುತ್ತಾರೆ: ಪ್ಲಾಸ್ಟಿಕ್ಕಿನಲ್ಲಿ ಇಂಗಾಲದ ಕಣಗಳನ್ನು ಕಲಸಿ ಮಾಡಿದ್ದು. ತಣ್ಣಗಿದ್ದಾಗ ಕಣಗಳು ಒಂದಕ್ಕೊಂದು ತಾಗಿಕೊಂಡು ಕರೆಂಟು ಹಾಯಲು ಬಿಡುತ್ತವೆ. ಬಿಸಿಯಾದಾಗ ಪ್ಲಾಸ್ಟಿಕ್ಕು ಹಿಗ್ಗಿ ಕಣಗಳು ದೂರ ಸರಿದು, ರೋಧ ಸಾವಿರಾರು ಪಟ್ಟು ಏರಿ, ದಾರಿ ಬಂದ್. ಮಕ್ಕಳು ಲಾಕ್ ಬಟನ್ನನ್ನು ಆಟಕ್ಕೆ ಹತ್ತಿಪ್ಪತ್ತು ಸಲ ಒತ್ತಿದಾಗ ಬೀಗಗಳು ಇದ್ದಕ್ಕಿದ್ದಂತೆ ಮೌನವಾಗಿ, ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಸರಿಹೋಗುವುದನ್ನು ನೋಡಿರಬಹುದು. ಕೆಟ್ಟದ್ದಲ್ಲ, ಬಿಲ್ಲೆ ಮೋಟಾರನ್ನು ಸುಡದಂತೆ ಕಾದದ್ದು. ಆದರೆ ಒಮ್ಮೆ ಹಿಗ್ಗಿದ ಬಿಲ್ಲೆ ತಣ್ಣಗಾದ ಮೇಲೂ ಪೂರ್ತಿ ಹಳೆಯ ಸ್ಥಿತಿಗೆ ಬರುವುದಿಲ್ಲ. ರೋಧ ಸ್ವಲ್ಪ ಉಳಿದೇಬಿಡುತ್ತದೆ. ಬಿಸಿಲಿಗೆ ಕಾದ ಬಾಗಿಲಿನಲ್ಲಿ ಅದು ಮೊದಲೇ ಅರ್ಧ ದಾರಿ ಹೋಗಿರುತ್ತದೆ.

ಇನ್ನು ಬಿಚ್ಚುವ ಕೆಲಸ. ಗ್ಲಾಸನ್ನು ಪೂರ್ತಿ ಮೇಲೇರಿಸಿ, ಬ್ಯಾಟರಿಯ ಮೈನಸ್ ತೆಗೆದು, ಕೆಲವು ನಿಮಿಷ ಸುಮ್ಮನೆ ಕೂರಬೇಕು. ಏರ್‌ಬ್ಯಾಗಿನ ಪೆಟ್ಟಿಗೆ ಬ್ಯಾಟರಿ ಇಲ್ಲದೆಯೂ ಸ್ವಲ್ಪ ಹೊತ್ತು ಚಾರ್ಜು ಹಿಡಿದಿಟ್ಟುಕೊಂಡಿರುತ್ತದೆ. ಬಾಗಿಲಿನ ಒಳಮೈಯನ್ನು ಮುಚ್ಚುವ ಡೋರ್ ಪ್ಯಾಡಿನ ಸ್ಕ್ರೂಗಳು ಹಿಡಿಕೆಯ ಹಿಂದೆ, ಕೈಯಿಡುವ ಗುಳಿಯ ತಳದಲ್ಲಿ, ಬಿರಡೆಗಳ ಕೆಳಗೆ ಅಡಗಿರುತ್ತವೆ. ಪ್ಯಾಡು ಬರಲಿಲ್ಲವೆಂದರೆ ಇನ್ನೂ ಒಂದು ಸ್ಕ್ರೂ ಎಲ್ಲೋ ಇದೆ ಎಂದೇ ಅರ್ಥ, ಬಲ ಸಾಲದು ಎಂದಲ್ಲ. ಅಂಚಿನ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಕೆಳಗಿನಿಂದ ಒಂದೊಂದಾಗಿ ಎಬ್ಬಿಸುತ್ತ ಬಂದೆ. ಎರಡು ಮುರಿದವು.

ಪ್ಯಾಡಿನ ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಕಂಡು ಹಲವರು ಪ್ಯಾಕಿಂಗು ಎಂದು ಹರಿದು ಬಿಸಾಡುತ್ತಾರೆ. ಕಾರಿನ ಬಾಗಿಲಿನೊಳಗೆ ಮಳೆನೀರು ಬರುವುದು ಸಹಜ. ಗ್ಲಾಸಿನ ಪಕ್ಕದ ರಬ್ಬರ್ ಪಟ್ಟಿಯ (ಬೀಡಿಂಗಿನ) ಸಂದಿನಿಂದ ಒಳಗಿಳಿದು, ಬಾಗಿಲಿನ ತಳದ ತೂತುಗಳಿಂದ ಹೊರಗೆ ಹೋಗುತ್ತದೆ. ಅದು ಸೀಟಿನ ಕಡೆ ಬರದಂತೆ ತಡೆಯುವುದು ಈ ಹಾಳೆಯೇ. ಕಾರ್ಪೆಟ್ಟು ಏಕೆ ಒದ್ದೆ ಎಂದು ಹುಡುಕಾಡುವ ಎಷ್ಟೋ ಕತೆಗಳ ಮೂಲ ಇಲ್ಲಿದೆ. ಕೆಲವು ಕಾರುಗಳಲ್ಲಿ ಪಕ್ಕದಿಂದ ಏನಾದರೂ ಗುದ್ದಿದರೆ ಗ್ರಹಿಸಲು ಬಾಗಿಲಿನ ಒಳಗಾಳಿಯ ಒತ್ತಡ ಅಳೆಯುವ ಸೆನ್ಸರ್ ಕೂಡ ಇರುತ್ತದೆ. ಅಲ್ಲಿ ಹಾಳೆ ಹರಿದರೆ ನೀರಿಗಿಂತ ದೊಡ್ಡ ತಾಪತ್ರಯ. ಕಪ್ಪು ಅಂಟನ್ನು ಎಳೆಯದೆ, ತೆಳು ಬ್ಲೇಡಿನಿಂದ ನಿಧಾನವಾಗಿ ಸೀಳಿ ಹಾಳೆಯನ್ನು ಮಡಚಿಟ್ಟೆ.

ಬಾಗಿಲಿನ ಅಂಚಿನಲ್ಲಿ ಲಾಚನ್ನು, ಅಂದರೆ ಬಾಗಿಲನ್ನು ಕಚ್ಚಿ ಹಿಡಿಯುವ ಕೊಕ್ಕೆಯ ಗಂಟನ್ನು, ಹಿಡಿದಿದ್ದುದು ಮೂರು ಟಾರ್ಕ್ಸ್ ಸ್ಕ್ರೂ. 1967ರಲ್ಲಿ ಅಮೆರಿಕದ ಕ್ಯಾಮ್‌ಕಾರ್ ಟೆಕ್ಸ್‌ಟ್ರಾನ್ ರೂಪಿಸಿದ ಈ ಆರೆಸಳ ತಲೆಗೆ ನೆಟ್ಟನೆಯ ಗೋಡೆ ಇರುವುದರಿಂದ ಜೋರಾಗಿ ತಿರುವಿದರೂ ಸಾಮಾನ್ಯ ಸ್ಟಾರ್ ಸ್ಕ್ರೂವಿನಂತೆ ಡ್ರೈವರನ್ನು ಮೇಲಕ್ಕೆ ಎಸೆಯುವುದಿಲ್ಲ. ಅಳತೆ ಸರಿಯಾದ ಬಿಟ್ ಇರಬೇಕು, ಅಷ್ಟೇ. ಹಿಡಿಕೆಗಳಿಂದ ಲಾಚಿಗೆ ಬರುವ ಸರಳುಗಳ ಪ್ಲಾಸ್ಟಿಕ್ ಕ್ಲಿಪ್ಪನ್ನು ಎಳೆಯದೆ ತಿರುಗಿಸಿ ಬಿಡಿಸಿ, ವೈರುಗಳ ಕಪ್ಲರ್ ಕಳಚಿ, ಇಡೀ ಗಂಟನ್ನು ತೂತಿನಿಂದ ಹೊರತೆಗೆದೆ. ಅದಕ್ಕೂ ಮೊದಲು ಯಾವ ಸರಳು ಎಲ್ಲಿ ಎಂದು ನಾಲ್ಕು ಫೋಟೋ ತೆಗೆದಿಟ್ಟದ್ದು ಆ ದಿನ ನಾನು ಮಾಡಿದ ಅತ್ಯಂತ ಬುದ್ಧಿವಂತ ಕೆಲಸ.

ಹೊಸದನ್ನು ಕೂರಿಸಿ, ಬ್ಯಾಟರಿ ಜೋಡಿಸಿದ ಮೇಲೆ ಬಾಗಿಲು ಹಾಕುವ ಆತುರ ಬರುತ್ತದೆ. ಹಾಕಬಾರದು. ಸರಳೊಂದು ತಪ್ಪಿ ಕೂತಿದ್ದರೆ ಬಾಗಿಲು ಹಾಕಿಕೊಂಡು ಒಳಗಿನಿಂದಲೂ ಹೊರಗಿನಿಂದಲೂ ತೆರೆಯದೆ ನಿಂತುಬಿಡುತ್ತದೆ. ಮುಚ್ಚಿದ ಬಾಗಿಲಿನ ಪ್ಯಾಡು ಬಿಚ್ಚುವುದು ಏನೆಂದು ಬಿಚ್ಚಿದವರನ್ನೇ ಕೇಳಬೇಕು. ಬಾಗಿಲು ತೆರೆದೇ ಇರುವಾಗ ಸ್ಕ್ರೂಡ್ರೈವರಿನಿಂದ ಲಾಚಿನ ಕೊಕ್ಕೆಯನ್ನು 'ಟಕ್ ಟಕ್' ಎಂದು ಎರಡು ಹಂತ ಮುಚ್ಚಿ, ರಿಮೋಟ್ ಒತ್ತಿ, ಹಿಡಿಕೆ ಎಳೆದೆ. ಬೀಗ ಬಿದ್ದಾಗ ಕೊಕ್ಕೆ ಬಿಡಲಿಲ್ಲ, ತೆಗೆದಾಗ ಬಿಟ್ಟಿತು. ಒಳಹಿಡಿಕೆ, ಹೊರಹಿಡಿಕೆ, ಗುಬ್ಬಿ, ಮಕ್ಕಳ ಲಾಕ್, ಎಲ್ಲವನ್ನೂ ಹೀಗೇ ನೋಡಿ ಆಮೇಲೆ ಹಾಳೆ ಅಂಟಿಸಿದೆ.

ರಾತ್ರಿ ಹಳೆಯ ಮೋಟಾರನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ದಂಡವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತ ಮೀಟರ್ ನೋಡಿದರೆ 6 ಓಮ್, 9, 31, ಮತ್ತೆ 7. ತಗಡಿನ ಕಿವಿಗಳನ್ನು ಎಬ್ಬಿಸಿ ಮುಚ್ಚಳ ತೆಗೆದಾಗ ಕಮ್ಯುಟೇಟರಿನ ತಾಮ್ರದ ಮೂರು ತುಂಡುಗಳೂ ಒಲೆಯ ಮೇಲಿಟ್ಟ ಪಾತ್ರೆಯ ತಳದ ಹಾಗೆ ಕಪ್ಪಾಗಿದ್ದವು. ನಯವಾದ ಮರಳುಕಾಗದದಿಂದ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ಮತ್ತೆ ಜೋಡಿಸಿ ಅಳೆದೆ: ಸುತ್ತಲೂ ಒಂದೇ ಸಮನೆ 4. ಹೊಸದಕ್ಕಿಂತ ಹೆಚ್ಚಾಗಿ ಉಳಿದ ಆ ಒಂದೂವರೆ ಓಮ್ ಎಲ್ಲಿಯದು ಎಂದು ಬಿಲ್ಲೆಯನ್ನು ಬೇರೆಯಾಗಿ ಅಳೆದರೆ ಬಹುಪಾಲು ಅದರದ್ದೇ. ಬ್ಯಾಟರಿಗೆ ತಾಗಿಸಿದೆ. ಜುಂಯ್ ಎಂದು ಸುತ್ತಿತು, ಬಾಗಿಲಿನೊಳಗೆ ಒಮ್ಮೆಯೂ ಸುತ್ತದಿದ್ದಷ್ಟು ಹೊತ್ತು.